ಫರಸಿ ಕಲ್ಲಿನ ಬೆಂಚು

ಶಹಾಬಾದದ ಸಿಮೆಂಟ್ ಮೈದಾನಕ್ಕ ಸುಣ್ಣದ ಗೆರಿ ಹೊಡಿಯಾಂವ ನಾ.
ನಲವತ್ತೊಂದು ವರ್ಷ. ಡಬ್ಬಿಗೆ ತೂತು, ಕೈಗೆ ಬಿರುಕು.
ಗೆರಿಯಿಂದ ನಾಕು ಮಾರು ಆಚಿಗೆ ಫರಸಿ ಕಲ್ಲಿನ ಬೆಂಚು ಅದ.
ಅದರ ಮ್ಯಾಲ ಫುಟ್‌ಬಾಲ್ ಟೀಮಿನ ಮ್ಯಾನೇಜರ್ ಬಿಟ್ಟು
ಯಾರೂ ಕೂಡಂಗಿಲ್ಲ.
ಈ ಕಾಯ್ದೆ ನಾಯಿಗೊಳಿಗೆ ಗೊತ್ತಿಲ್ಲ.

ಮೊದಲಿನಾಂವ ರೇಲ್ವೆ ಡ್ರೈವರ್ ಹ್ಯಾಲಿಡೇ ಸಾಹೇಬ.
ನಾ ಕಂಡಿಲ್ಲ, ನಮ್ಮಪ್ಪ ಕಂಡಾನ.
ಕೈಯಾಗ ಇಂಜಿನ್ನಿನ ಎಣ್ಣಿ, ಬಾಯಾಗ ಬೈಗಳ;
ಬೈಗಳ ಇಂಗ್ಲಿಷಿನಾಗ, ತಿಳೀತಿದ್ದದ್ದು ಕನ್ನಡದಾಗ.
ನಿಜಾಮನ ರೂಪಾಯಿ ಎಣಿಸಿ
ಸೊಲ್ಲಾಪುರದಿಂದ ಹನ್ನೊಂದು ಜೋಡಿ ಬೂಟು ತರಿಸಿದ.
ಹುಡುಗ್ರು ಒಂದೇ ದಿವಸ ಹಾಕ್ಕೊಂಡ್ರು,
ಮರುದಿವಸ ಬೂಟು ಕೊಳ್ಳಾಗ ಕಟಗೊಂಡು
ಬರಿಗಾಲಿಲೆ ಆಡಿದ್ರಂತ.

ಆಮ್ಯಾಲ ಪೊಲೀಸ್ ಆ್ಯಕ್ಷನ್ನಿನ ವರ್ಷ.
ರಿಜಿಸ್ಟರದಾಗ ಆ ಹಾಳಿ ಖಾಲಿ ಅದ.
ಯಾರೂ ಹರದಿಲ್ಲ. ಯಾರೂ ಬರದಿಲ್ಲ.

ದಸ್ತಗೀರ್ ಮಾಸ್ತರು ಉರ್ದು ಸಾಲಿಯವರು.
ಸೋತ ದಿವಸ ಬೈತಿರಲಿಲ್ಲ, ಲೆಕ್ಕ ಕೇಳ್ತಿದ್ರು:
ಚೆಂಡು ಎಷ್ಟು ಸಲ ನಿನ್ನ ಕಡಿ ಬಂತು,
ನೀ ಎಷ್ಟು ಸಲ ಅದರ ಕಡಿ ಹೋದಿ?
ಉತ್ತರ ಬರದ ಪೋರ ಕತ್ತಲಾಗೂ ತನಕ ನಿಂತಿರ್ತಿದ್ದ.
ಅವರು ಕುಂತಲ್ಲಿ ಕಲ್ಲು ಸವದು ತಗ್ಗು ಬಿದ್ದದ ಅಂತಾರ.
ನಮ್ಮ ಫರಸಿ ಅಷ್ಟು ಲಗೂ ಸವಿಯೂದಲ್ಲ, ನಂಗೊತ್ತು.
ಆದ್ರೂ ಕೈಯಾಡಿಸಿ ನೋಡ್ತೀನಿ.

ಅವರ ಹಿಂದ ಯಾರು, ಯಾರ ಹಿಂದ ಯಾರು—
ಸ್ಟೋರಿನ ಚೆನ್ನಮಲ್ಲಪ್ಪ ಹಡಪದ, ಹರಕ ಚೆಂಡಿಗೂ ಪಾವತಿ ಕೇಳಿದಾಂವ;
ಕಲ್ಕತ್ತಾದಿಂದ ಬಂದ ಒಬ್ಬ ಡಿಪ್ಲೋಮಾ ಸಾಹೇಬ,
ಹಲಗಿ ತುಂಬ ಬಾಣ ಬರದು ಬರದು
ಹದಿನೇಳನೇ ದಿವಸ, ಮೇ ತಿಂಗಳ ಬಿಸಲಿಗಂಜಿ, ರಾತ್ರಿ ಗಾಡಿ ಹತ್ತಿದ.
ಸೀಟಿ ಇಲ್ಲೇ ಬಿಟ್ಟು ಹೋಗ್ಯಾನ.
ಈಗದು ನನ್ನ ಮೊಮ್ಮಗಳ ಬಾಯಾಗ, ಮನಿಯಾಗ ಯಾರಿಗೂ ನಿದ್ದಿಲ್ಲ.

ತುಕಾರಾಮ ವಾಘಮಾರೆ ಕಲ್ಲಿನ ಖಣಿಯಾಂವ.
ಈ ಬೆಂಚಿನ ಕಲ್ಲು ಎಬ್ಬಿಸಿದಾಂವ ಅವರಪ್ಪ ಅಂತ ಮಂದಿ ಅಂತಾರ,
ಅಂವ ಎಂದೂ ಅಂದಿಲ್ಲ.
ಮೊದಲ ದಿವಸ ಬಂದ, ನಿಂತ, ಕೂಡಲಿಲ್ಲ.
ಒಂಬತ್ತು ವರ್ಷ ನಿಂತೇ ಆಟ ನಡಿಸಿದ. ಮೂರು ಕಪ್ಪು.
ಯಾಕ್ರಿ ಅಂತ ಕೇಳಿದ್ರ,
"ಕುಂತ್ರ ಆ ಕಡಿ ಮೂಲಿ ಕಾಣಂಗಿಲ್ಲ" ಅಂದ.
ನಾ ಕುಂತು ನೋಡೀನಿ. ಕಾಣ್ತದ.

ಕಾರ್ಖಾನಿ ಚಿಮಣಿ ಆರಿತು, ಪಗಾರ ನಿಂತಿತು, ಟೀಮು ನಿಲ್ಲಲಿಲ್ಲ.
ಈಗ ಭಜಿ ಅಂಗಡಿ ಗುರುಲಿಂಗಪ್ಪನೇ ಮ್ಯಾನೇಜರ್.
ಗೆದ್ರ ಮಿರ್ಚಿ ಪುಕ್ಕಟ, ಸೋತ್ರ ಅರ್ಧಾ ರೇಟು.
ಹಿಂಗಾಗಿ ಅವನ ಅಂಗಡಿಗೆ ಎರಡೂ ಕಡಿಂದ ಲುಕ್ಸಾನ.

ಮೊನ್ನೆ ಹಳೇ ಆಫೀಸಿನ ಬೋರ್ಡಿಗೆ ಬಣ್ಣ ಬಳದ್ರು.
ಹದಿನಾಲ್ಕು ಹೆಸರು. ಹದಿನೇಳು ದಿವಸದಾಂವಂದೂ ಅದ.
ನಂದಿಲ್ಲ.

ವಾಘಮಾರೆ ತಾಯಿ ತೀರಿದ ದಿವಸ
ವಾಡಿ ರೇಲ್ವೆದವರ ಜೋಡಿ ಮ್ಯಾಚು.
ಕಾಗದಕ್ಕ ಮ್ಯಾನೇಜರ್ ಸಹಿ ಬೇಕು ಅಂದ ರೆಫ್ರಿ.
ಹುಡುಗ್ರೆಲ್ಲ ನನ್ನ ಮಾರಿ ನೋಡಿದ್ರು.
ಸಹಿ ಬರಂಗಿಲ್ಲ ನಂಗ; ಬಿಳಿ ಹೆಬ್ಬಟ್ಟು ಒತ್ತಿದೆ, ಸುಣ್ಣದ್ದು.
ಬೆಂಚಿನ ಮ್ಯಾಲ ಕುಂತೆ. ಕಾದ ಹಂಚಿನ ಮ್ಯಾಲ ಕುಂತಂಗ.
ನಲವತ್ತೈದು ಮಿನಿಟು ಏನು ಹೇಳಬೇಕಂತ ವಿಚಾರ ಮಾಡಿದೆ,
ಹಾಫ್ ಟೈಮಿಗೆ "ನೀರು ಕುಡೀರಿ" ಅಂದೆ.
ಒಂದಕ್ಕೊಂದು. ಸೋಲಲಿಲ್ಲ.

ಐದನೇ ದಿವಸ ವಾಘಮಾರೆ ಬಂದ, ತಲಿ ಬೋಳಿಸಿತ್ತು.
ಬೆಂಚಿನ ಮ್ಯಾಲ ನನ್ನ ಧೋತರದ ಸುಣ್ಣದ ಗುರ್ತು ಕಂಡ.
ಒರಸಲಿಲ್ಲ.
ಅದರ ಬಾಜೂಕ ನಿಂತ.